ಮದ್ದಿಲ್ಲದ ಚಿಕಿತ್ಸೆ: ಸೆರೆಬ್ರಲ್ ಪಾಲ್ಸಿಯೂ ಬಲವಿಜ್ಞಾನವೂ

ಮೇಜಿನ ಮೇಲಿರುವ ಒಂದು ಲೋಟ ನೀರನ್ನು ಎತ್ತಿ ಬಾಯಿಗೆ ತರುವುದು ನಮಗೊಂದು ಕೆಲಸವೆಂದೇ ತೋರುವುದಿಲ್ಲ. ಆದರೆ ಆ ಕ್ಷಣದಲ್ಲಿ ನಮ್ಮ ತೋಳಿನೊಳಗೆ ನಡೆಯುವ ವ್ಯವಹಾರ ಸಾಮಾನ್ಯವಾದುದಲ್ಲ. ಮೊಣಕೈಯನ್ನು ಮಡಿಸುವ ಸ್ನಾಯು ಕುಗ್ಗಬೇಕು. ಅದೇ ಹೊತ್ತಿಗೆ ಅದರ ಎದುರಾಳಿಯಾದ, ಮೊಣಕೈಯನ್ನು ನೀಳಗೊಳಿಸುವ ಸ್ನಾಯು ತಕ್ಕಷ್ಟು ಸಡಿಲಬೇಕು. ಬೆರಳುಗಳು ಲೋಟವನ್ನು ಜಾರದಷ್ಟು ಬಿಗಿಯಾಗಿ, ನುಗ್ಗಾಗದಷ್ಟು ಮೃದುವಾಗಿ ಹಿಡಿದಿರಬೇಕು. ತೋಳು ಮುಂದೆ ಚಾಚಿದಾಗ ಮೈ ಮುಂದಕ್ಕೆ ಮುಗ್ಗರಿಸದಂತೆ ಬೆನ್ನಿನ ಸ್ನಾಯುಗಳು ಮೊದಲೇ ಎಚ್ಚರವಾಗಿರಬೇಕು. ಇವೆಲ್ಲಕ್ಕೂ ಅಪ್ಪಣೆ ಹೊರಡುವುದು ಮಿದುಳಿನಿಂದ. ಆ ಮಿದುಳು ಇನ್ನೂ ಬೆಳೆಯುತ್ತಿರುವಾಗಲೇ, ಎಂದರೆ ಗರ್ಭದಲ್ಲಿಯೋ ಜನನಕಾಲದಲ್ಲಿಯೋ ಶೈಶವದಲ್ಲಿಯೋ, ಅದರ ಒಂದು ಭಾಗಕ್ಕೆ ಪೆಟ್ಟು ತಗಲಿದರೆ ಅಪ್ಪಣೆಗಳು ಕೆಡುತ್ತವೆ. ಇದರಿಂದುಂಟಾಗುವ ಚಲನೆಯ ಮತ್ತು ಭಂಗಿಯ ತೊಂದರೆಗಳಿಗೆಲ್ಲ ಒಟ್ಟಾಗಿ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ಮಿದುಳಿನ ಪಾರ್ಶ್ವವಾಯು ಎಂದು ಕನ್ನಡದಲ್ಲಿ ಹೇಳುವುದುಂಟು.

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಬರುತ್ತದೆ. ಮಿದುಳಿಗಾದ ಗಾಯ ಅಷ್ಟಕ್ಕೇ ನಿಲ್ಲುತ್ತದೆ, ಹರಡುವುದಿಲ್ಲ. ಆದರೆ ವಾಸಿಯಾಗುವುದೂ ಇಲ್ಲ. ಆ ಗಾಯವನ್ನು ಅಳಿಸುವ ಔಷಧ ಇದುವರೆಗೆ ಸಿಕ್ಕಿಲ್ಲ. ಬಿಗಿತವನ್ನು ತಗ್ಗಿಸುವ, ಸೆಳವನ್ನು ತಡೆಯುವ ಮದ್ದುಗಳುಂಟು. ಅವು ವೈದ್ಯರ ವಿಷಯ. ನಮ್ಮ ವಿಷಯ ಮದ್ದಲ್ಲದ ಚಿಕಿತ್ಸೆಗಳು. ಭೌತವಿಜ್ಞಾನವನ್ನು ಬೋಧಿಸುವವರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಸನ್ನೆ, ಸ್ಪ್ರಿಂಗು, ತೇಲುವಿಕೆ, ಗುರುತ್ವಕೇಂದ್ರ ಇವುಗಳ ಪಾಠವನ್ನು ಇಷ್ಟು ನೇರವಾಗಿ ಮನುಷ್ಯನ ಮೈಮೇಲೆ ಬರೆದಿಟ್ಟ ಬೇರೊಂದು ಕ್ಷೇತ್ರವನ್ನು ನಾವು ಕಾಣೆವು.

ರೋಗದ ಮೊದಲ ವಿವರಣೆ

ಈ ಸ್ಥಿತಿಯನ್ನು ವ್ಯವಸ್ಥಿತವಾಗಿ ಬಣ್ಣಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್. ಬಾಲ್ಯದಲ್ಲಿ ಪೋಲಿಯೋ ತಗಲಿ ಅವನ ಒಂದು ಪಾದವೇ ಸೊಟ್ಟಗಾಗಿತ್ತು. 1836ರಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯನಿಂದ ಹಿಮ್ಮಡಿಯ ನರಕಟ್ಟನ್ನು ಕತ್ತರಿಸಿಕೊಂಡು ಗುಣಹೊಂದಿ ಬಂದನು. ಮಕ್ಕಳ ಬಿಗಿದ ಕೈಕಾಲುಗಳ ಬಗ್ಗೆ 1843ರಲ್ಲಿ ಉಪನ್ಯಾಸವಿತ್ತು, 1862ರಲ್ಲಿ ಹೆರಿಗೆಯ ತೊಡಕುಗಳೇ ಇದಕ್ಕೆ ಕಾರಣವೆಂದು ವಾದಿಸಿದನು. ಬಹುಕಾಲ ಲೋಕವೆಲ್ಲ ಇದನ್ನೇ ನಂಬಿತು. 1897ರಲ್ಲಿ, ಮನೋವಿಶ್ಲೇಷಣೆಯಿಂದ ಮುಂದೆ ಹೆಸರಾದ ಸಿಗ್ಮಂಡ್ ಫ್ರಾಯ್ಡನು ಇದಕ್ಕೊಂದು ಆಕ್ಷೇಪವನ್ನೆತ್ತಿದನು: ಕಷ್ಟದ ಹೆರಿಗೆಯೇ ಗರ್ಭದೊಳಗಣ ಹಿಂದಿನ ದೋಷದ ಪರಿಣಾಮವಾಗಿರಬಾರದೇಕೆ? ಇಂದಿನ ತಿಳಿವಳಿಕೆ ಹೆಚ್ಚಾಗಿ ಫ್ರಾಯ್ಡನ ಕಡೆಗೇ ವಾಲುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಮೂಲವಿರುವುದು ಜನನಕ್ಕೆ ಮುಂಚೆಯೇ. ತನ್ನಿಂದಲೇ ಏನೋ ತಪ್ಪಾಯಿತೆಂದು ವರ್ಷಗಟ್ಟಲೆ ಕೊರಗುವ ತಾಯಂದಿರಿಗೆ ಇದನ್ನು ತಿಳಿಸಿ ಹೇಳುವುದು ಅಗತ್ಯ. ಆದರೆ ನಮ್ಮ ದೇಶದಲ್ಲಿ ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ, ದಿನ ತುಂಬದ ಹೆರಿಗೆ, ಎಳೆಗೂಸಿನ ತೀವ್ರ ಕಾಮಾಲೆ ಇವುಗಳ ಪಾಲು ಇನ್ನೂ ದೊಡ್ಡದೇ.

ಕಾಮಾಲೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ಎಂಬಾಕೆ ಕೂಸುಗಳನ್ನು ಬಿಸಿಲಿಗೊಯ್ಯುವ ಅಭ್ಯಾಸವುಳ್ಳವಳು. ಬೆಳಕು ಬಿದ್ದಲ್ಲಿ ಕೂಸಿನ ಚರ್ಮದ ಹಳದಿ ಇಳಿದು, ಬಟ್ಟೆ ಮುಚ್ಚಿದ್ದಲ್ಲಿ ಹಾಗೆಯೇ ಉಳಿದುದನ್ನು ಆಕೆ 1956ರಲ್ಲಿ ವೈದ್ಯರಿಗೆ ತೋರಿಸಿದಳು. ಅದರ ಎಳೆಯನ್ನು ಹಿಡಿದು ಕ್ರೀಮರ್ ಮತ್ತು ಸಂಗಡಿಗರು 1958ರಲ್ಲಿ ನೀಲಿ ಬೆಳಕಿನ ಚಿಕಿತ್ಸೆಯನ್ನು ಪ್ರಕಟಿಸಿದರು. ಬಿಲಿರುಬಿನ್ ಎಂಬ ಹಳದಿ ವಸ್ತು ನೀಲಿ ಬೆಳಕನ್ನು ಹೀರಿ, ತನ್ನ ಅಣುವಿನ ಆಕಾರವನ್ನೇ ಬದಲಿಸಿಕೊಂಡು ಮೈಯಿಂದ ಹೊರಬೀಳುತ್ತದೆ. ಇಲ್ಲವಾದರೆ ಅದು ಮಿದುಳಿನ ಆಳದ ಭಾಗಗಳಿಗಿಳಿದು, ಕೈಕಾಲು ತಮ್ಮಷ್ಟಕ್ಕೇ ತಿರುಚುವ ಬಗೆಯ ಸೆರೆಬ್ರಲ್ ಪಾಲ್ಸಿಯನ್ನು ತಂದೀತು. ಬೆಳಕು ಇಲ್ಲಿ ರೋಗವನ್ನು ಬರುವ ಮುನ್ನವೇ ತಡೆಯಿತು. ಆದರೆ ಮನೆಯಂಗಳದ ಬಿಸಿಲು ಆಸ್ಪತ್ರೆಯ ದೀಪಕ್ಕೆ ಸಾಟಿಯಲ್ಲವೆಂಬುದನ್ನು ಮರೆಯಬಾರದು. ಹಳದಿ ಹೆಚ್ಚಿದ ಕೂಸನ್ನು ಒಡನೆಯೇ ವೈದ್ಯರಿಗೆ ತೋರಿಸಬೇಕು.

ಬಿಗಿತದಲ್ಲಿ ಎರಡು ಬಗೆ

ಸೆರೆಬ್ರಲ್ ಪಾಲ್ಸಿಯುಳ್ಳವರಲ್ಲಿ ಹೆಚ್ಚಿನವರ ಸ್ನಾಯುಗಳು ಬಿಗಿಯಾಗಿರುತ್ತವೆ. ಈ ಬಿಗಿತ ಒಂದೇ ಬಗೆಯದಲ್ಲ. ಎರಡು ಬೇರೆ ಬೇರೆ ವಿಷಯಗಳು ಒಂದೇ ಹೆಸರಿನಡಿ ಅಡಗಿಕೊಂಡಿವೆ. ಚಿಕಿತ್ಸೆಯ ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ.

ಬೆಲ್ಲದ ಪಾಕದಲ್ಲಿ ಸೌಟನ್ನು ಆಡಿಸಿ ನೋಡಿ. ನಿಧಾನವಾಗಿ ಸರಿಸಿದರೆ ಅದು ಸುಲಭವಾಗಿ ಸರಿಯುತ್ತದೆ. ರಭಸದಿಂದ ಎಳೆದರೆ ಪಾಕ ಅದನ್ನು ಹಿಡಿದು ನಿಲ್ಲಿಸುತ್ತದೆ. ಇಲ್ಲಿ ತಡೆ ಹೆಚ್ಚುವುದು ವೇಗದೊಂದಿಗೆ. ಇದಕ್ಕೆ ಬದಲಾಗಿ ಒಂದು ಸ್ಪ್ರಿಂಗನ್ನು ತೆಗೆದುಕೊಂಡರೆ, ಅದನ್ನು ಮೆಲ್ಲಗೆ ಎಳೆದರೂ ಜೋರಾಗಿ ಎಳೆದರೂ ತಡೆ ಅಷ್ಟೇ. ಅದು ಎಷ್ಟು ದೂರ ಎಳೆದೆವೆಂಬುದನ್ನು ಮಾತ್ರ ಅವಲಂಬಿಸುತ್ತದೆ. ಸೆರೆಬ್ರಲ್ ಪಾಲ್ಸಿಯ ಮಗುವಿನ ಪಾದವನ್ನು ಮೇಲಕ್ಕೆ ಮಡಿಸಿದಾಗ ಈ ಎರಡೂ ತಡೆಗಳು ಎದುರಾಗುತ್ತವೆ. ಸ್ನಾಯು ಬೇಗ ಹಿಗ್ಗಿದಾಗ ಬೆನ್ನುಹುರಿಯ ಮೂಲಕ ಕುಗ್ಗುವ ಆಜ್ಞೆ ತಾನಾಗಿ ಹಿಂದಿರುಗುತ್ತದೆ. ಆರೋಗ್ಯವಂತರಲ್ಲಿ ಮಿದುಳು ಇದನ್ನು ಹತೋಟಿಯಲ್ಲಿಡುತ್ತದೆ, ಇವರಲ್ಲಿ ಆ ಹತೋಟಿ ಸಡಿಲಾಗಿದೆ. ಆದುದರಿಂದಲೇ ಜೇಮ್ಸ್ ಲ್ಯಾನ್ಸ್ ಎಂಬ ನರವೈದ್ಯರು 1980ರಲ್ಲಿ ಈ ಬಿಗಿತವನ್ನು ವೇಗವನ್ನವಲಂಬಿಸಿದ ತಡೆಯೆಂದೇ ನಿರೂಪಿಸಿದರು. ಇದು ಪಾಕದ ಬಗೆ. ಎರಡನೆಯದು ಸ್ಪ್ರಿಂಗಿನ ಬಗೆ: ಸ್ನಾಯುವೇ ಗಿಡ್ಡವಾಗಿಬಿಟ್ಟಿರುವುದು. ಕೀಲನ್ನು ಒಮ್ಮೆ ವೇಗವಾಗಿ, ಒಮ್ಮೆ ಬಲು ನಿಧಾನವಾಗಿ ಮಡಿಸಿ, ಎರಡು ಸಲವೂ ಎಲ್ಲಿ ತಡೆಯಿತೆಂದು ಕೋನವನ್ನಳೆದರೆ ಯಾವುದರ ಪಾಲು ಎಷ್ಟೆಂದು ತಿಳಿಯುತ್ತದೆ. ನುರಿತ ಅಂಗಮರ್ದನ ಚಿಕಿತ್ಸಕರು, ಎಂದರೆ ಫಿಸಿಯೋಥೆರಪಿಸ್ಟರು, ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೊಂದು. ಎರಡು ಕೋನಗಳ ನಡುವೆ ಅಂತರ ಬಹಳವಿದ್ದರೆ ಪಾಕದ ಪಾಲು ಹೆಚ್ಚು, ಅಂತರವಿಲ್ಲದಿದ್ದರೆ ಸ್ಪ್ರಿಂಗಿನದು.

ಸ್ನಾಯು ಗಿಡ್ಡವಾಗುವುದೆಂದರೇನು? ಇದನ್ನು ತಿಳಿಯಲು ನೆರವಾದದ್ದು ನಮ್ಮ ಪ್ರಯೋಗಶಾಲೆಯ ಹಳೆಯ ಗೆಳೆಯನಾದ ಬೆಳಕಿನ ವಿವರ್ತನೆ. ಸ್ನಾಯುವಿನ ಎಳೆಯಲ್ಲಿ ಸಾರ್ಕೊಮಿಯರ್ ಎಂಬ ಸಣ್ಣ ಘಟಕಗಳು ಮಣಿಸರದಂತೆ ಒಂದರ ಹಿಂದೊಂದು ಜೋಡಿಸಿಕೊಂಡಿರುತ್ತವೆ. ಇವು ಸಮದೂರದಲ್ಲಿರುವುದರಿಂದ ಎಳೆಯೇ ಒಂದು ವಿವರ್ತನ ಜಾಲರಿಯಂತೆ ವರ್ತಿಸುತ್ತದೆ. ಅದರ ಮೂಲಕ ಕೆಂಪು ಲೇಸರ್ ಕಿರಣವನ್ನು ಹಾಯಿಸಿದರೆ ಅದು ಇಕ್ಕೆಲಗಳಿಗೆ ಬಾಗಿ ಬೀಳುತ್ತದೆ. ಬಾಗಿದ ಕೋನದಿಂದ ಘಟಕದ ಉದ್ದವನ್ನು ಲೆಕ್ಕಹಾಕಬಹುದು. ಅಮೆರಿಕದ ರಿಚರ್ಡ್ ಲೀಬರ್ ಮತ್ತು ಸ್ವೀಡನ್ನಿನ ಯಾನ್ ಫ್ರಿಡೇನ್ ಇವರು ಮಣಿಕಟ್ಟಿನ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಈ ಅಳತೆಯನ್ನು ಮಾಡಿ 2002ರಲ್ಲಿ ಪ್ರಕಟಿಸಿದರು. ಒಂದೇ ಭಂಗಿಯಲ್ಲಿ, ಸಾಮಾನ್ಯರ ಘಟಕದ ಉದ್ದ ಸುಮಾರು 2.4 ಮೈಕ್ರೊಮೀಟರ್, ಸೆರೆಬ್ರಲ್ ಪಾಲ್ಸಿಯುಳ್ಳವರದು ಸುಮಾರು 3.5. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೀಲಿಯಂ-ನಿಯಾನ್ ಲೇಸರಿನ ತರಂಗದೂರ 0.633 ಮೈಕ್ರೊಮೀಟರ್ ಆದುದರಿಂದ, ಮೊದಲನೆಯದು ಕಿರಣವನ್ನು ಸುಮಾರು 15 ಡಿಗ್ರಿ ಬಾಗಿಸಿದರೆ ಎರಡನೆಯದು 10 ಡಿಗ್ರಿಗೆ ತುಸು ಮೇಲಷ್ಟೆ. ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು.

ಇದರ ಅರ್ಥ ವಿಚಿತ್ರವಾಗಿದೆ. ಗಿಡ್ಡವಾದ ಸ್ನಾಯುವಿನ ಘಟಕಗಳು ಕುಗ್ಗಿರುವುದಿಲ್ಲ, ಮೊದಲೇ ಮಿತಿಮೀರಿ ಹಿಗ್ಗಿರುತ್ತವೆ! ಸರದಲ್ಲಿ ಮಣಿಗಳ ಸಂಖ್ಯೆಯೇ ಕಡಮೆ. ಇರುವ ಕೆಲವೇ ಮಣಿಗಳು ಇಡೀ ಅಂತರವನ್ನು ತುಂಬಲು ಎಳೆದಾಡಿಕೊಂಡಿವೆ. ಹೀಗೆ ಹಿಗ್ಗಿದ ಘಟಕ ಬಲವನ್ನೂ ಕಡಮೆ ಕೊಡುತ್ತದೆ. ಬಿಗಿಯಾದ ಸ್ನಾಯು ಬಲವಾದ ಸ್ನಾಯುವೆಂದು ತಿಳಿಯುವುದು ಸಹಜ. ವಾಸ್ತವವಾಗಿ ಅದು ಬಿಗಿಯೂ ಹೌದು, ದುರ್ಬಲವೂ ಹೌದು.

ಎಳೆಯುವುದರಿಂದ ಆಗುವುದೆಷ್ಟು?

ಇದನ್ನು ತಿಳಿದ ಮೇಲೆ ಹಲವು ಮನೆಗಳಲ್ಲಿ ದಿನಂಪ್ರತಿ ನಡೆಯುವ ಒಂದು ದೃಶ್ಯವನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಅದು ಅಳುತ್ತಿದ್ದರೂ ಕೈಕಾಲುಗಳನ್ನು ಹಿಡಿದೆಳೆಯುವುದೇ ಆ ದೃಶ್ಯ. ನರಸಂಬಂಧವಾದ ರೋಗಗಳಲ್ಲಿ ಹೀಗೆ ಎಳೆಯುವುದರ ಫಲವನ್ನು ಹಲವಾರು ಪ್ರಯೋಗಗಳಿಂದ ಒಟ್ಟುಗೂಡಿಸಿ ನೋಡಿದ ಒಂದು ವಿಸ್ತಾರವಾದ ಸಮೀಕ್ಷೆ 2017ರಲ್ಲಿ ಹೊರಬಂತು. ಏಳು ತಿಂಗಳಿಗಿಂತ ಕಡಮೆ ಕಾಲ ಮಾಡಿದ ಎಳೆತದಿಂದ ಕೀಲಿನ ಚಲನೆಯಲ್ಲಿ ಗಣನೀಯವಾದ ಲಾಭವಾಗಲಿಲ್ಲವೆಂಬುದು ಅದರ ತೀರ್ಪು. ಗಿಡ್ಡವಾಗುತ್ತಿರುವ ಮೀನಖಂಡಕ್ಕೆ ವಾರವಾರವೂ ತುಸು ತುಸುವೇ ಕೋನವನ್ನು ಬದಲಿಸುತ್ತ ಪ್ಲಾಸ್ಟರ್ ಕಟ್ಟುವ ಕ್ರಮ ಕೆಲಕಾಲದ ಮಟ್ಟಿಗೆ ಉಪಯುಕ್ತವಾಗಿದೆ. ಅದು ಹಗಲಿರುಳೂ ನಡೆಯುವ ಎಳೆತ. ಎಣ್ಣೆ ತಿಕ್ಕುವುದರಿಂದ ಮಗುವಿಗೆ ಹಿತವಾಗುವುದಾದರೆ ತಿಕ್ಕಲಿ. ಆದರೆ ಬಲವಂತವಾಗಿ ಮಡಿಸಬಾರದು. ನಿಂತು ನಡೆಯದ ಮಕ್ಕಳ ಮೂಳೆಗಳಿಗೆ ಭಾರ ಬೀಳದೆ ಅವು ತೆಳುವಾಗಿರುತ್ತವೆ. ಬಟ್ಟೆ ತೊಡಿಸುವಾಗಲೇ ತೊಡೆಯ ಮೂಳೆ ಮುರಿಯುವುದುಂಟು.

ದುರ್ಬಲವಾದ ಸ್ನಾಯುವನ್ನು ಬಲಪಡಿಸಬಾರದೇಕೆ? ಬಹುಕಾಲ ಇದಕ್ಕೆ ನಿಷೇಧವೇ ಇತ್ತು. ಶ್ರಮದ ವ್ಯಾಯಾಮದಿಂದ ಬಿಗಿತ ಹೆಚ್ಚುವುದೆಂಬ ಭಯ. ಬರ್ಲಿನ್ನಿನಿಂದ ಲಂಡನ್ನಿಗೆ ವಲಸೆಬಂದ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳ ಪದ್ಧತಿಯಲ್ಲಿ ಚಿಕಿತ್ಸಕರ ಕೈಯೇ ಮಗುವಿನ ಮೈಯನ್ನು ಸರಿಯಾದ ಚಲನೆಯಲ್ಲಿ ನಡೆಸುತ್ತಿತ್ತು. ಭಾರತವೂ ಸೇರಿದಂತೆ ಲೋಕದಲ್ಲೆಲ್ಲ ಅದು ಹರಡಿತು. ಆ ದಂಪತಿಗಳ ಶ್ರದ್ಧೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಯಾರೂ ಮುಟ್ಟದೆ ಮೂಲೆಗೆ ಬಿಟ್ಟಿದ್ದ ಮಕ್ಕಳನ್ನು ಅವರು ಮುಟ್ಟಿದರು. ಆದರೆ 1990ರ ದಶಕದಲ್ಲಿ ಡಯೇನ್ ಡಮಿಯಾನೋ ಮೊದಲಾದವರು ಮಕ್ಕಳಿಗೆ ಭಾರ ಎತ್ತಿಸಿ ಅಳೆದು ನೋಡಿದಾಗ ಬಲ ಹೆಚ್ಚಿತು, ಬಿಗಿತ ಹೆಚ್ಚಲಿಲ್ಲ. ನಿಷೇಧ ಅಲ್ಲಿಗೆ ಬಿದ್ದುಹೋಯಿತು.

ಪಾದದ ತೊಡುಗೆ

ಈಗ ಒಂದು ಲೆಕ್ಕ. ಮಂಡಿ ಬಾಗಿಸಿಕೊಂಡು, ಕುಕ್ಕರಿಸಿದಂತೆ ನಡೆಯುವ ಮಗುವನ್ನು ಎಣಿಸಿಕೊಳ್ಳಿ. ಅದರ ತೂಕ 20 ಕಿಲೋಗ್ರಾಂ. ಒಂದು ಕಾಲಿನ ಮೇಲೆ ನಿಂತ ಗಳಿಗೆಯಲ್ಲಿ ನೆಲವು ಅದರ ಪಾದವನ್ನು ಸುಮಾರು 200 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಮಂಡಿ ಬಾಗಿರುವುದರಿಂದ ಈ ಬಲದ ರೇಖೆ ಮಂಡಿಯ ಕೀಲಿಗಿಂತ 5 ಸೆಂಟಿಮೀಟರ್ ಹಿಂದೆ ಹಾಯುವುದೆನ್ನೋಣ. ಆಗ ಮಂಡಿಯನ್ನು ಇನ್ನಷ್ಟು ಬಾಗಿಸುವ ಭ್ರಾಮಕ 10 ನ್ಯೂಟನ್-ಮೀಟರ್. ಇದನ್ನು ತಡೆಯಬೇಕಾದ ತೊಡೆಯ ಸ್ನಾಯು ಕೀಲಿನಿಂದ ಕೇವಲ 4 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ. ಆದ್ದರಿಂದ ಅದು 250 ನ್ಯೂಟನ್ ಬಲವನ್ನು ಒದಗಿಸಬೇಕು. ಮಗುವಿನ ತೂಕಕ್ಕಿಂತ ಹೆಚ್ಚು! ಒಂದೊಂದು ಹೆಜ್ಜೆಗೂ ಇಷ್ಟು, ಅದೂ ದುರ್ಬಲವಾದ ಸ್ನಾಯುವಿನಿಂದ. ಇಂತಹ ಮಗು ಶಾಲೆಯ ಅಂಗಳವನ್ನು ದಾಟುವಷ್ಟರಲ್ಲಿ ಬಸವಳಿದರೆ ಅದನ್ನು ಸೋಮಾರಿಯೆನ್ನುವುದು ಅನ್ಯಾಯ.

ಇಲ್ಲಿ ಪ್ಲಾಸ್ಟಿಕ್ಕಿನ ಪಾದದ ತೊಡುಗೆ ಮಾಡುವ ಕೆಲಸ ಬಹಳ ಸರಳ. ಮೊಣಕಾಲಿನ ಕೆಳಭಾಗ ಪಾದದ ಮೇಲೆ ಮುಂದಕ್ಕೆ ವಾಲದಂತೆ ಅದು ಹಣಗಂಟನ್ನು ಭದ್ರವಾಗಿ ಹಿಡಿಯುತ್ತದೆ. ಒಡನೆಯೇ ನೆಲದ ಒತ್ತಡ ಹಿಮ್ಮಡಿಯ ಕಡೆಯಿಂದ ಬೆರಳುಗಳ ಕಡೆಗೆ ಸರಿಯುತ್ತದೆ. ಬಲದ ರೇಖೆ ಮಂಡಿಯ ಮುಂದುಗಡೆ ಹಾಯುತ್ತದೆ. ಯಾವ ನೆಲ ಮಂಡಿಯನ್ನು ಬಾಗಿಸುತ್ತಿತ್ತೋ ಅದೇ ಈಗ ಅದನ್ನು ನೆಟ್ಟಗಾಗಿಸುತ್ತದೆ. ಮಂಡಿಯನ್ನು ಮುಟ್ಟದೆಯೇ ಮಂಡಿಗೆ ಚಿಕಿತ್ಸೆಯಾಯಿತು. ಕೆಲವೇ ಮಿಲಿಮೀಟರುಗಳ ವ್ಯತ್ಯಾಸದಿಂದ ಗುಣವೂ ಆದೀತು, ಕೇಡೂ ಆದೀತು; ಆದ್ದರಿಂದಲೇ ಇದನ್ನು ಪ್ರತಿ ಮಗುವಿಗೂ ಅಚ್ಚು ತೆಗೆದು ಮಾಡಬೇಕು, ತೊಡಿಸಿ ನಡೆಸಿ ನೋಡಿ ತಿದ್ದಬೇಕು. ಅಂಗಡಿಯಿಂದ ಅಳತೆಯಿಲ್ಲದೆ ಕೊಂಡುತಂದದ್ದು ಚರ್ಮವನ್ನು ಕೆಂಪಗೆ ಮಾಡಿ, ಒಂದು ವಾರದಲ್ಲಿ ಕಪಾಟು ಸೇರುತ್ತದೆ. ಮಗು ಬೆಳೆದಂತೆ ಹೊಸದು ಬೇಕೆಂಬುದೂ ಒಂದು ಕಷ್ಟ. ಬಡವರ ಮನೆಯಲ್ಲಿ ಅದು ಸಣ್ಣ ಖರ್ಚಲ್ಲ.

ನೀರಿನಲ್ಲಿ

ಲಂಡನ್ನಿನ ಸೌತ್‌ಗೇಟಿನಲ್ಲಿ ಅಂಗವಿಕಲ ಹುಡುಗಿಯರಿಗಾಗಿ ಹ್ಯಾಲಿವಿಕ್ ಎಂಬ ಶಾಲೆಯಿತ್ತು. 1949ರಲ್ಲಿ ಅಲ್ಲಿನ ಮಕ್ಕಳಿಗೆ ಈಜು ಕಲಿಸಲು ಹೊರಟ ಜೇಮ್ಸ್ ಮ್ಯಾಕ್‌ಮಿಲನ್ ವೈದ್ಯರಲ್ಲ, ದ್ರವಗಳ ಚಲನೆಯನ್ನು ಬಲ್ಲ ಇಂಜಿನಿಯರು. ಹೊಕ್ಕುಳವರೆಗೆ ನೀರಿನಲ್ಲಿ ನಿಂತವನ ಕಾಲಿನ ಮೇಲಣ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ, ಎದೆಯವರೆಗಾದರೆ ಮೂರನೆಯ ಒಂದಕ್ಕೆ. ಇದನ್ನು ಆರ್ಕಿಮಿಡೀಸನ ಕಾಲದಿಂದ ಬಲ್ಲೆವು. ಮ್ಯಾಕ್‌ಮಿಲನ್ ಗಮನಿಸಿದ್ದು ಬೇರೊಂದನ್ನು. ತೂಕ ಗುರುತ್ವಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ತೇಲುಬಲವಾದರೋ ಹೊರತಳ್ಳಲ್ಪಟ್ಟ ನೀರಿನ ಕೇಂದ್ರದ ಮೂಲಕ ಮೇಲಕ್ಕೆ ಒತ್ತುತ್ತದೆ. ಈ ಎರಡು ಕೇಂದ್ರಗಳು ಒಂದೇ ನೇರದಲ್ಲಿಲ್ಲದಿದ್ದರೆ ಒಂದು ಯುಗ್ಮಬಲ ಹುಟ್ಟಿ, ಅವು ಒಂದರ ಕೆಳಗೊಂದು ಬರುವವರೆಗೂ ಮೈ ಹೊರಳುತ್ತದೆ. ಒಂದು ಪಕ್ಕ ಬಿಗಿದ ಮಗು ಅಂಗಾತ ತೇಲಿದರೆ ಹೊರಳಿ ಮುಖ ನೀರಿಗೆ ಬೀಳುವುದಕ್ಕೆ ಇದೇ ಕಾರಣ. ತಲೆಯನ್ನು ಎದುರು ದಿಕ್ಕಿಗೆ ತುಸುವೇ ತಿರುಗಿಸಿದರೆ, ಇಲ್ಲವೆ ಕೈಯನ್ನು ನೀರಿನಿಂದ ಸ್ವಲ್ಪ ಎತ್ತಿದರೆ, ಸಮತೋಲ ಮರಳುತ್ತದೆ. ಮ್ಯಾಕ್‌ಮಿಲನ್ ಗಾಳಿಚೀಲಗಳನ್ನು ಕಟ್ಟದೆ, ಒಬ್ಬ ಮಗುವಿಗೆ ಒಬ್ಬ ದೊಡ್ಡವರನ್ನಿಟ್ಟು, ಈ ಹೊರಳುವಿಕೆಯ ಹತೋಟಿಯನ್ನೇ ಮೊದಲ ಪಾಠವಾಗಿ ಕಲಿಸಿದರು. ನೆಲದ ಮೇಲೆ ಯಾರಾದರೂ ಎತ್ತಿ ತಿರುಗಿಸಬೇಕಾಗಿದ್ದ ಮಕ್ಕಳು ನೀರಿನಲ್ಲಿ ತಾವೇ ತಿರುಗಿದರು.

ನೀರು ಬೆಚ್ಚಗೆ, ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಉತ್ತಮ ಶಾಖವಾಹಕ; ತಣ್ಣೀರಿನಲ್ಲಿ ಮೈ ಬೇಗ ಶಾಖ ಕಳೆದುಕೊಂಡು ಬಿಗಿತ ಹೆಚ್ಚುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅಪಸ್ಮಾರದ ಸೆಳವೂ ಇರುವುದರಿಂದ ಕ್ಷಣಮಾತ್ರವೂ ಮಗುವಿನಿಂದ ಕಣ್ಣು ತೆಗೆಯಬಾರದು. ಕುದುರೆಯ ಮೇಲೆ ಕೂರಿಸುವ ಚಿಕಿತ್ಸೆಯೂ ಇದೆ. ನಡೆಯುವ ಕುದುರೆಯ ಬೆನ್ನು ಸವಾರನ ಸೊಂಟವನ್ನು ಮನುಷ್ಯನ ನಡಿಗೆಯಂತೆಯೇ ಮೂರು ದಿಕ್ಕುಗಳಲ್ಲಿ ಆಡಿಸುವುದು ಅದರ ತತ್ತ್ವ. ಅನುಕೂಲವುಳ್ಳವರಿಗೆ ಒಳ್ಳೆಯದೇ, ನಮ್ಮ ಊರುಗಳಲ್ಲಿ ಕುದುರೆಯನ್ನು ಹುಡುಕಹೊರಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಹಲವಿವೆ.

ಒಳ್ಳೆಯ ಕೈಯನ್ನು ಕಟ್ಟುವುದು

ಅಂಥ ಕೆಲಸಗಳಲ್ಲಿ ಮೊದಲನೆಯದು ಅಭ್ಯಾಸ. ಅಮೆರಿಕದ ಎಡ್ವರ್ಡ್ ಟೌಬ್ ಕೋತಿಗಳ ಒಂದು ತೋಳಿನ ಸ್ಪರ್ಶಜ್ಞಾನದ ನರಗಳನ್ನು ಕತ್ತರಿಸಿ ನೋಡಿದನು. ಚಲನೆಯ ನರಗಳು ಸರಿಯಾಗಿದ್ದರೂ ಕೋತಿ ಆ ತೋಳನ್ನು ಬಿಟ್ಟೇಬಿಟ್ಟಿತು. ಒಳ್ಳೆಯ ತೋಳನ್ನು ಕಟ್ಟಿದಾಗ ಮಾತ್ರ ಬಿಟ್ಟ ತೋಳನ್ನು ಮತ್ತೆ ಬಳಸತೊಡಗಿತು. 1981ರಲ್ಲಿ ಆ ಪ್ರಯೋಗಶಾಲೆಯ ಕೋತಿಗಳ ದುಃಸ್ಥಿತಿ ದೊಡ್ಡ ವಿವಾದವಾಗಿ ನ್ಯಾಯಾಲಯವನ್ನು ಮುಟ್ಟಿತು; ಆ ಕ್ರೌರ್ಯವನ್ನು ಸಮರ್ಥಿಸುವ ಮನಸ್ಸು ನಮಗಿಲ್ಲ. ಆದರೆ ಅದರಿಂದ ತಿಳಿದ ವಿಷಯ ಸತ್ಯ: ಉಪಯೋಗಿಸದಿರುವುದನ್ನೂ ಪ್ರಾಣಿ ಕಲಿತುಕೊಳ್ಳುತ್ತದೆ. ಒಂದು ಪಕ್ಕ ಮಾತ್ರ ಸ್ವಾಧೀನ ತಪ್ಪಿದ ಮಕ್ಕಳ ಸರಿಯಾದ ಕೈಗೆ ದಿನದ ಕೆಲವು ಗಂಟೆ ಮೆತ್ತನೆಯ ಕೈಚೀಲ ತೊಡಿಸಿ, ಇನ್ನೊಂದು ಕೈಯಿಂದ ಆಡಿಸುವ, ಉಣಿಸುವ ಕ್ರಮ ಹೀಗೆ ಬಂತು. ಎರಡು ಕೈಗಳೂ ಬೇಕಾಗುವ ಆಟಗಳನ್ನು ಅಷ್ಟೇ ಕಾಲ ಆಡಿಸಿದರೂ ಫಲ ಸುಮಾರಾಗಿ ಸಮಾನವೆಂದು ಆಮೇಲೆ ತಿಳಿಯಿತು. ಮುಖ್ಯವಾದುದು ಮಗು ತಾನೇ ಬಯಸಿ, ತಾನೇ ಪ್ರಯತ್ನಿಸಿ, ಹತ್ತಾರು ಗಂಟೆಗಳ ಕಾಲ ಮಾಡುವ ನಿಜವಾದ ಕೆಲಸ. ಗುಂಡಿ ಹಾಕುವುದನ್ನು ಕಲಿಯಬೇಕಾದರೆ ಗುಂಡಿ ಹಾಕಿಯೇ ಕಲಿಯಬೇಕು.

ಎಷ್ಟನ್ನು ನಿರೀಕ್ಷಿಸಬಹುದು? ಕೆನಡಾದ ಸಂಶೋಧಕರು 1997ರಲ್ಲಿ ಮಕ್ಕಳ ಚಲನಶಕ್ತಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಓಡಾಡಬಲ್ಲವರು, ಐದನೆಯದರಲ್ಲಿ ತಲೆಯನ್ನೂ ನಿಲ್ಲಿಸಲಾರದವರು. ಅದೇ ತಂಡ 657 ಮಕ್ಕಳನ್ನು ಹಲವು ವರ್ಷ ನೋಡಿ 2002ರಲ್ಲಿ ಬೆಳವಣಿಗೆಯ ರೇಖೆಗಳನ್ನು ಪ್ರಕಟಿಸಿತು. ಮಗು ಗಳಿಸಬಹುದಾದ ಚಲನಸಾಮರ್ಥ್ಯದ ನೂರಕ್ಕೆ 90 ಪಾಲು ಸುಮಾರು 5 ವರ್ಷದೊಳಗೇ, ತೀವ್ರವಾದ ದರ್ಜೆಗಳಲ್ಲಿ ಇನ್ನೂ ಮೊದಲೇ, ಕೈಗೂಡುತ್ತದೆ. ‘ದೊಡ್ಡವನಾದ ಮೇಲೆ ತಾನೇ ಸರಿಹೋದೀತು’ ಎಂದು ಕಾಯುವುದು ಎಷ್ಟು ದುಬಾರಿಯೆಂಬುದು ಇದರಿಂದ ತಿಳಿಯುತ್ತದೆ. ಹತ್ತು ವರ್ಷದ ಮಗುವನ್ನು, ಕೂರಲೂ ಬಾರದಿರುವಾಗ, ನಡೆಸಿಯೇ ತೀರುವೆವೆಂದು ಊರಿಂದೂರಿಗೆ ಹೊತ್ತು ತಿರುಗುವುದೂ ಅಷ್ಟೇ ದುಬಾರಿ.

ಕೂರುವುದು, ಉಣ್ಣುವುದು

ನಡೆಯಲಾರದ ಮಗುವಿಗೆ ಸರಿಯಾಗಿ ಕುಳಿತುಕೊಳ್ಳುವುದೇ ದೊಡ್ಡ ಚಿಕಿತ್ಸೆ. ಮೈಯ ಗುರುತ್ವಕೇಂದ್ರದಿಂದಿಳಿದ ಲಂಬ ಆಸನದ ಮೇರೆಯೊಳಗೆ ಬೀಳಬೇಕು. ಸೊಂಟ ಮುಂದಕ್ಕೆ ಜಾರದಂತೆ ತೊಡೆಗಳ ಮೇಲೆ ಪಟ್ಟಿಯಿರಬೇಕು. ಸೊಂಟ, ಮಂಡಿ, ಹಣಗಂಟು ಮೂರೂ ಸುಮಾರು ಲಂಬಕೋನದಲ್ಲಿದ್ದು ಪಾದಗಳಿಗೆ ಆಧಾರ ದೊರೆಯಬೇಕು. ಎರಡು ಹಲಗೆಗಳನ್ನು ಲಂಬವಾಗಿ ಜೋಡಿಸಿ ಗೋಡೆಯ ಮೂಲೆಯಂತೆ ಮಾಡಿದ ಕುರ್ಚಿ ಹೆಗಲುಗಳನ್ನು ಮುಂದಕ್ಕೆ ತಂದು ಕೈಗಳನ್ನು ಆಟಕ್ಕೆ ಬಿಡುವು ಮಾಡಿಕೊಡುತ್ತದೆ. ಊರಿನ ಬಡಗಿ ಇದನ್ನು ಒಂದು ದಿನದಲ್ಲಿ ಮಾಡಿಕೊಟ್ಟಾನು. ಮೆಕ್ಸಿಕೋದ ಹಳ್ಳಿಗಳಲ್ಲಿ ದುಡಿದ ಡೇವಿಡ್ ವರ್ನರ್ 1987ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇಂತಹ ಅಗ್ಗದ ಸಾಧನಗಳ ಚಿತ್ರಗಳು ನೂರಾರಿವೆ.

ಉಣಿಸುವಾಗಿನ ಭಂಗಿ ಪ್ರಾಣದ ಪ್ರಶ್ನೆ. ಮಡಿಲಲ್ಲಿ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿರುವಾಗ ಬಾಯಿಗೆ ಗಂಜಿ ಹೊಯ್ದರೆ ಗುರುತ್ವಬಲ ಅದನ್ನು ನೇರವಾಗಿ ಗಂಟಲಿಗಿಳಿಸುತ್ತದೆ. ನುಂಗುವ ಹತೋಟಿಯಿಲ್ಲದ ಮಗುವಿನಲ್ಲಿ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಪದೇ ಪದೇ ಬರುವ ನ್ಯುಮೋನಿಯಾಕ್ಕೆ ಇದೂ ಕಾರಣ. ಬೆನ್ನನ್ನು ನೆಟ್ಟಗಿರಿಸಿ, ಗಲ್ಲವನ್ನು ತುಸು ಎದೆಯ ಕಡೆಗೆ ಬಾಗಿಸಿ, ಮುಂದಿನಿಂದ, ಸಣ್ಣ ಚಮಚದಲ್ಲಿ ಉಣಿಸಬೇಕು. ಸೊಂಟದ ಕೀಲು ಗೂಡಿನಿಂದ ಮೆಲ್ಲಮೆಲ್ಲಗೆ ಜಾರುವುದು ಇನ್ನೊಂದು ಗುಪ್ತ ಅಪಾಯ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಿಂದ ಎಲ್ಲ ಮಕ್ಕಳ ಸೊಂಟವನ್ನೂ ಗೊತ್ತಾದ ಕಾಲಕ್ಕೆ ಕ್ಷ-ಕಿರಣದಿಂದ ಪರೀಕ್ಷಿಸುವ ಏರ್ಪಾಟಾಯಿತು. ಹಿಂದೆ ಸುಮಾರು ಹತ್ತರಲ್ಲೊಂದು ಮಗುವಿಗಾಗುತ್ತಿದ್ದ ಈ ಕೇಡು ಅಲ್ಲಿ ಬಹುಮಟ್ಟಿಗೆ ಇಲ್ಲವಾಯಿತು.

ಆಮ್ಲಜನಕದ ಕೊಠಡಿ

ಮಿದುಳಿಗೆ ಆಮ್ಲಜನಕ ಸಾಲದೆ ಕೆಟ್ಟಿತು. ಈಗ ಹೆಚ್ಚು ಆಮ್ಲಜನಕ ಕೊಟ್ಟರೆ ಸರಿಹೋಗಬಾರದೇಕೆ? ಈ ವಾದದ ಮೇಲೆ ಮಕ್ಕಳನ್ನು ಒತ್ತಡದ ಕೊಠಡಿಯಲ್ಲಿರಿಸುವ ಚಿಕಿತ್ಸೆ ಹುಟ್ಟಿತು. ಅದಕ್ಕಾಗಿ ಸಾಲ ಮಾಡಿದವರೂ ಉಂಟು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 111 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 1.75 ವಾಯುಭಾರದಲ್ಲಿ ಶುದ್ಧ ಆಮ್ಲಜನಕ, ಇನ್ನೊಂದಕ್ಕೆ 1.3 ವಾಯುಭಾರದಲ್ಲಿ ಬರಿಯ ಗಾಳಿ, 40 ಸಲ. ಗಾಳಿಯಲ್ಲಿ ಐದನೆಯ ಒಂದು ಪಾಲು ಮಾತ್ರ ಆಮ್ಲಜನಕವಿರುವುದರಿಂದ ಎರಡನೆಯ ಗುಂಪಿಗೆ ದೊರೆತ ಆಮ್ಲಜನಕದ ಒತ್ತಡ ಸುಮಾರು 0.27 ವಾಯುಭಾರ, ಮೊದಲನೆಯದಕ್ಕೆ ಅದರ ಆರು ಪಟ್ಟಿಗೂ ಮಿಗಿಲು. ಎರಡು ಗುಂಪುಗಳೂ ಸುಧಾರಿಸಿದವು, ಒಂದೇ ಸಮನಾಗಿ. ಬರಿಯ ಗಾಳಿಯ ಅಷ್ಟು ಒತ್ತಡವೂ ಚಿಕಿತ್ಸೆಯೇ ಎಂದು ವಾದಿಸಿದವರುಂಟು. ಆರು ಪಟ್ಟು ಪ್ರಮಾಣದಿಂದ ಎಳ್ಳಷ್ಟೂ ಹೆಚ್ಚಿನ ಗುಣ ಬಾರದ ಮದ್ದನ್ನು ಮದ್ದೆನ್ನಲು ನಮಗೆ ಮನಸ್ಸು ಬಾರದು. ತಂದೆತಾಯಿಗಳ ಆಸೆ, ಮಕ್ಕಳೊಡನೆ ಕಳೆದ ಗಂಟೆಗಳು, ಎಲ್ಲರ ಗಮನ, ಇವು ಎರಡು ಗುಂಪಿಗೂ ಸಮನಾಗಿಯೇ ದೊರೆತಿದ್ದವು. ಆಸ್ಟ್ರೇಲಿಯದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿಯೂ 2020ರಲ್ಲಿಯೂ ಎಲ್ಲ ಚಿಕಿತ್ಸೆಗಳನ್ನು ರಸ್ತೆಯ ದೀಪಗಳಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದಾಗ ಈ ಕೊಠಡಿ ಕೆಂಪಿಗೆ ಬಿತ್ತು.

ಮಾತು

ಸೆರೆಬ್ರಲ್ ಪಾಲ್ಸಿಯುಳ್ಳವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತು ಬಾರದು. ಆದರೆ ಸುಮಾರು ಅರ್ಧ ಮಂದಿಯ ಬುದ್ಧಿ ಸಾಮಾನ್ಯವಾಗಿಯೇ ಇರುತ್ತದೆ. ಎಲ್ಲವನ್ನೂ ತಿಳಿದು ಏನನ್ನೂ ಹೇಳಲಾರದೆ ಕುಳಿತ ಮಗುವನ್ನು ದಡ್ಡನೆಂದು ಶಾಲೆಯಿಂದ ಹೊರಗಿಡುವುದು ಎಂತಹ ಪ್ರಮಾದ! ತನ್ನ ಮಗಳಿಗೆ ತಕ್ಕ ಶಾಲೆ ಸಿಗದೆ ಮಿಥು ಆಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ತಾವೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಆ ಮಗಳು ಮಾಲಿನಿ ಚಿಬ್ ಒಂದೇ ಕಿರುಬೆರಳಿನಿಂದ ಅಕ್ಷರ ಒತ್ತಿ ಬರೆದ ಆತ್ಮಕಥೆ 2010ರಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಪ್ರಾರಂಭವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸುವ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ.

ಮಾತಿಲ್ಲದವರಿಗೆ ಅಕ್ಷರದ ಹಲಗೆಯನ್ನು ಮನೆಯಲ್ಲಿಯೇ ಮಾಡಬಹುದು. ಮೊದಲು ‘ಹೌದು’, ‘ಅಲ್ಲ’ ಎಂಬುದಕ್ಕೆ ಎರಡು ಖಚಿತವಾದ ಸಂಜ್ಞೆಗಳು ಬೇಕು. ಕಣ್ಣನ್ನು ಮೇಲೆತ್ತುವುದು, ಮುಚ್ಚುವುದು, ಯಾವುದಾದರೂ ಸರಿಯೆ. ಇಲ್ಲಿ ನಮ್ಮ ವರ್ಣಮಾಲೆಯ ಜೋಡಣೆ ಬಲು ಉಪಕಾರಿ. ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದರಂತೆ ನಿಂತೇ ಇವೆ. ಆರನೆಯ ಸಾಲು ಯ, ರ, ಲ, ವ ಮೊದಲಾದುವು. ಒಂದೊಂದೇ ವ್ಯಂಜನವನ್ನು ಕ್ರಮವಾಗಿ ತೋರಿಸುತ್ತ ಹೋದರೆ ‘ನ’ಕಾರಕ್ಕೆ 20, ‘ರ’ಕಾರಕ್ಕೆ 27, ಒಟ್ಟು 47 ಸಲ ಕೇಳಬೇಕು. ಮೊದಲು ಸಾಲನ್ನು, ಆಮೇಲೆ ಆ ಸಾಲಿನೊಳಗಿನ ಅಕ್ಷರವನ್ನು ಕೇಳಿದರೆ ‘ನ’ ನಾಲ್ಕನೆಯ ಸಾಲಿನ ಐದನೆಯದು, ಎಂದರೆ 9 ಪ್ರಶ್ನೆ, ‘ರ’ ಆರನೆಯ ಸಾಲಿನ ಎರಡನೆಯದು, 8 ಪ್ರಶ್ನೆ, ಒಟ್ಟು 17. ಗುಣಿತದ ಸ್ವರಗಳಿಗೆ ಬೇರೊಂದು ಸಾಲನ್ನಿಡಬೇಕು. ಅಭ್ಯಾಸವಾದ ಮನೆಯವರು ವ್ಯಂಜನಗಳು ಬಂದೊಡನೆ ಉಳಿದುದನ್ನು ಊಹಿಸಿಬಿಡುತ್ತಾರೆ. ಊಹಿಸಲಿ, ಆದರೆ ಕೇಳಿ ಖಚಿತಮಾಡಿಕೊಳ್ಳುವುದನ್ನು ಬಿಡಬಾರದು. ‘ನ’, ‘ರ’ ಬಂದಕೂಡಲೆ ನೀರಿನ ಲೋಟವನ್ನು ಬಾಯಿಗಿಟ್ಟರೆ, ನಿನ್ನೆ ಕೇಳಿದ ನರಿಯ ಕಥೆಯನ್ನು ಇನ್ನೊಮ್ಮೆ ಹೇಳೆಂದು ಕೇಳಹೊರಟ ಮಗುವಿಗೆ ಬೇಸರವಾದೀತು.